ಬುಸಾನಿನ ಥೇಟರಿನಲ್ಲಿ ನಮ್ಮಕ್ಕ ಎದ್ದು ನಿಂತಳು

ನಿಗಡಿ

ನಮ್ಮ ಮನೆತನದಲ್ಲಿ ವಿಮಾನವನ್ನು ಒಳಗಿನಿಂದ ನೋಡಿದವರು ಯಾರೂ ಇದ್ದಿಲ್ಲ. ಹೊರಗಿನಿಂದ ನೋಡಿದವರು ಬೇಕಾದಷ್ಟು ಜನ. ಪುಣೆಯ ವಿಮಾನ ನಿಲ್ದಾಣವಿರುವ ಲೋಹಗಾಂವ್ ಕಡೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಾಗ ಅಪ್ಪ ಹತ್ತನೇ ಮಾಳಿಗೆಯ ಸೆಂಟ್ರಿಂಗ್ ಹಲಗೆ ಮೇಲೆ ನಿಂತು ವಿಮಾನದ ಹೊಟ್ಟೆ ನೋಡುತ್ತಿದ್ದನಂತೆ. "ಗಾಲಿ ಕೈಗೆ ಸಿಕ್ಕಂಗ ಆಗ್ತಿತ್ತು" ಅನ್ನುತ್ತಿದ್ದ. ಅಂಥಾ ಅಪ್ಪನ ಇಬ್ಬರು ಹೆಣ್ಣುಮಕ್ಕಳು, ನಾನು ಮತ್ತು ನಮ್ಮಕ್ಕ ನಾಗಮ್ಮ, ಒಂದು ಶುಕ್ರವಾರ ಪುಣೆ ಬಳಿಯ ನಿಗಡಿಯ ನನ್ನ ಮನೆಯಿಂದ ಕೊರಿಯಾಕ್ಕೆ ಹೊರಟೆವು. ಬಾಡಿಗೆ ಕಾರು ಬರುವ ಮೊದಲೇ ಅಕ್ಕ ಮೂರು ಸಲ ಗೇಟಿನ ತನಕ ಹೋಗಿ ಬಂದಿದ್ದಳು.

ನನ್ನ ಹೆಸರು ಶರಣಮ್ಮ. ಯಾದಗಿರಿ ಕಡೆಯಿಂದ ಪುಣೆಗೆ ಕಲ್ಲು-ಮಣ್ಣು ಹೊರಲು ಬಂದ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೇ ಜೀವ ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾನು ಹುಟ್ಟಿದಾಗ ನನ್ನನ್ನು ಆಡಿಸಲು ಅಂತ ಅಕ್ಕನ ಐದನೇ ಇಯತ್ತೆಗೆ ಪೂರ್ಣವಿರಾಮ ಬಿತ್ತು. ನಾನು ಶಾಲೆಗೆ ಸೇರಿದ ಮೇಲೆ ಅವಳು ಬುಟ್ಟಿ ಹೊತ್ತಳು. ಮದುವೆಯಾದ ಮೇಲೆ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವ ಕೆಲಸಕ್ಕೆ ಹೋದಳು. ಇವತ್ತಿಗೂ ಹೋಗುತ್ತಾಳೆ. ನಾನು ಸಂಜೆಯ ಕ್ಲಾಸಿಗೆ ಹೋಗಿ ಕೊರಿಯನ್ ಕಲಿತು, ಚಾಕಣದ ಒಂದು ಕಾರ್ಖಾನೆಯಲ್ಲಿ ದುಭಾಷಿಯಾದೆ. ಮಶೀನು ನಿಂತಾಗ ಕೊರಿಯಾದ ಇಂಜಿನಿಯರು ಬೈದದ್ದನ್ನು ಮರಾಠಿಗೆ, ನಮ್ಮ ಹುಡುಗರು ಬೈದದ್ದನ್ನು ಕೊರಿಯನ್ನಿಗೆ, ಎರಡನ್ನೂ ಸ್ವಲ್ಪ ತೊಳೆದು ಮುಟ್ಟಿಸುವುದು ನನ್ನ ಕೆಲಸ.

ಆ ಕಾರ್ಖಾನೆಯ ಆಫೀಸಿಗೆ ಎರಡು ವರ್ಷ ಬಂದು ಇದ್ದವಳು ಮಿನ್‌ಜಿ. ನೌಕರಿ ಬಿಟ್ಟು ಊರಿಗೆ ಹೋಗಿ ಸಿನಿಮಾ ಮಾಡುತ್ತೇನೆ ಅಂದಾಗ ನಾವೆಲ್ಲಾ ನಕ್ಕಿದ್ದೆವು. ಖರೇನೇ ಮಾಡಿದಳು. ಇಪ್ಪತ್ತೆರಡು ನಿಮಿಷದ ಸಣ್ಣ ಸಿನಿಮಾ. "ಇಬ್ಬರು ಅಕ್ಕತಂಗಿಯರ ಕಥೆ. ಬುಸಾನಿನಲ್ಲಿ ಮೊದಲನೇ ಷೋ. ಬಾ. ನಮ್ಮ ದೊಡ್ಡವ್ವನ ಮನೆಯಲ್ಲಿ ಇರಬಹುದು" ಅಂತ ಬರೆದಳು. ದೊಡ್ಡವ್ವ ಎಂದರೆ ಅವಳ ತಾಯಿಯ ಅಕ್ಕ. ಅಕ್ಕತಂಗಿಯರ ಕಥೆ ಅಂದಮೇಲೆ ನಾನೊಬ್ಬಳೇ ಹೇಗೆ ಹೋಗಲಿ?

ಆದರೆ ಅಕ್ಕನನ್ನು ಕರೆದೊಯ್ದದ್ದಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂಬತ್ತು ವರ್ಷದ ಹಿಂದೆ ನನಗೆ ಡಿಗ್ರಿ ಕೊಟ್ಟ ದಿವಸ ಅಕ್ಕ ಯಾರ್ಡಿನಿಂದ ನೆಟ್ಟಗೆ ಕಾಲೇಜಿಗೆ ಬಂದಿದ್ದಳು. ಸೆರಗಿಗೆ ಉಳ್ಳಾಗಡ್ಡಿ ಸಿಪ್ಪೆ ಅಂಟಿತ್ತು. ನನ್ನ ಗೆಳತಿ ಅಶ್ವಿನಿ ಮರಾಠಿಯಲ್ಲಿ "ಹ್ಯಾ ಕೋಣ ಗ?" ಅಂದಳು. ಇವರು ಯಾರು ಅಂತ. "ಆಮಚ್ಯಾ ಗಾವಾಕಡಚ್ಯಾ" ಅಂದೆ. ನಮ್ಮ ಊರ ಕಡೆಯವರು. ಅಷ್ಟೇ. ಕರಿ ಗೌನು ಹಾಕಿಕೊಂಡು ನಿಂತು, ನನ್ನನ್ನು ಬೆಳೆಸಿದವಳನ್ನು ಊರ ಕಡೆಯವಳು ಮಾಡಿಬಿಟ್ಟೆ. ತಿರುಗಿ ನೋಡಿದರೆ ಅಕ್ಕ ಇದ್ದಿಲ್ಲ. ಅವಳಿಗೆ ಕೇಳಿಸಿತೋ ಇಲ್ಲವೋ ಇವತ್ತಿನ ತನಕ ನನಗೆ ಗೊತ್ತಿಲ್ಲ. ಆಕೆ ಎತ್ತಲಿಲ್ಲ, ನಾನು ಕೇಳಲಿಲ್ಲ. ಈ ಪ್ರವಾಸದಲ್ಲಿ ಹೇಗಾದರೂ ತಪ್ಪಾಯ್ತು ಅನ್ನಬೇಕು ಅಂತ ಗಟ್ಟಿ ಮಾಡಿಕೊಂಡು ಹೊರಟಿದ್ದೆ.

ಮುಂಬಯಿ, ಮತ್ತು ಮೋಡದ ಮೇಲೆ

ವಿಮಾನ ನಿಲ್ದಾಣದಲ್ಲಿ ಅಕ್ಕನ ಕೈಚೀಲವನ್ನು ಬದಿಗೆ ಸರಿಸಿದರು. ಒಳಗೆ ನಾಲ್ಕು ಬಟ್ಟಲು ಒಣಕೊಬ್ಬರಿ. ದೊಡ್ಡವ್ವಗ ಉಡಿ ತುಂಬಬೇಕು ಅಂತ ನನಗೆ ಹೇಳದೆ ಇಟ್ಟುಕೊಂಡಿದ್ದಳು. ಒಣಕೊಬ್ಬರಿ ಒಯ್ಯುವಂತಿಲ್ಲ, ಎಣ್ಣೆಯ ಪದಾರ್ಥ, ಬೆಂಕಿ ಹತ್ತುತ್ತದೆ ಎಂದು ಅಲ್ಲಿನ ಹೆಣ್ಣುಮಗಳು ಹೇಳಿದಳು.

"ಹುಟ್ಟಿದಾಗಿಂದ ಒಲಿ ಬಾಜೂಕೇ ಇಟ್ಟೇವಿ ಬಾಯಿ, ಒಂದಿನರೆ ಹತ್ತಿಲ್ಲ" ಅಂತ ಅಕ್ಕ ತನ್ನ ಹಿಂದಿಯಲ್ಲಿ ವಾದ ಹೂಡಿದಳು. ಆಗಲಿಲ್ಲ. ಬಿಸಾಡು ಅಂದರೆ ಬಿಸಾಡುವವಳೇ? ಅಲ್ಲೇ ಮೂಲೆಗೆ ನಿಂತು ಮುರಿದು ಮುರಿದು ಸಾಲಿನಲ್ಲಿದ್ದವರಿಗೆ ಹಂಚಿದಳು. ಒಬ್ಬ ಟೈ ಕಟ್ಟಿದ ಸಾಹೇಬರು ಕೊಬ್ಬರಿ ಅಗಿಯುತ್ತಾ ಬೆಲ್ಟು ಬಿಚ್ಚಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ವಿಮಾನ ಓಡತೊಡಗಿದಾಗ ಅಕ್ಕ ನನ್ನ ಮೊಣಕೈ ಹಿಡಿದಳು. ನೆಲ ಬಿಟ್ಟಾಗ ಬಿಟ್ಟಳು. "ಇಷ್ಟೇನಾ? ಇಂದಾಪುರದ ಎಸ್‌ಟಿ ಬಸ್ಸು ಇದಕ್ಕಿಂತ ಜಾಸ್ತಿ ಹಾರಸ್ತದ" ಅಂದಳು. ಆದರೆ ಆಮೇಲೆ ಒಂದು ತಾಸು ಕಿಟಕಿಗೆ ಹಣೆ ಹಚ್ಚಿದವಳು ತಿರುಗಲೇ ಇಲ್ಲ. "ಅಪ್ಪ ಇರಬೇಕಿತ್ತು ನೋಡು. ಗಾಲಿ ಒಳಗ ಹೋಗ್ತಾವಂತ ಅವಂಗ ಗೊತ್ತಾ ಇದ್ದಿಲ್ಲ."

ಆಗಲೇ ಹೇಳಬಹುದಿತ್ತು. ಊಟದ ತಟ್ಟೆ ಬಂತು. ಹೇಳಲಿಲ್ಲ.

ದೊಡ್ಡವ್ವನ ಮನೆ

ಬುಸಾನ್ ಗುಡ್ಡದ ಮೈಗೆ ಅಂಟಿಕೊಂಡ ಊರು. ಎಲ್ಲಿ ನಿಂತರೂ ಒಂದು ಕಡೆ ಮೆಟ್ಟಿಲು, ಇನ್ನೊಂದು ಕಡೆ ಸಮುದ್ರ. ಮಿನ್‌ಜಿ ನಮ್ಮ ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲು ಏರುತ್ತಾ ಏದುಸಿರು ಬಿಡುತ್ತಿದ್ದಳು. ಅಕ್ಕ ಆ ಪೆಟ್ಟಿಗೆಯನ್ನು ಅವಳ ಕೈಯಿಂದ ಕಸಿದು ತಲೆ ಮೇಲೆ ಇಟ್ಟುಕೊಂಡು ಒಂದೇ ದಮ್ಮಿನಲ್ಲಿ ಏರಿದಳು. ಓಣಿಯ ಮುದುಕಿಯರು ಬಾಗಿಲಿಗೆ ಬಂದು ನಿಂತು ನೋಡಿದರು.

ದೊಡ್ಡವ್ವ ಮೇಲೆ ಕಾಯುತ್ತಿದ್ದಳು. ಎಪ್ಪತ್ತರ ಹತ್ತಿರ, ಗಿಡ್ಡ ಆಳು, ಗುಂಗುರು ಮಾಡಿಸಿದ ಗಿಡ್ಡ ಕೂದಲು. ನಮಸ್ಕಾರ ಮುಗಿದ ಕೂಡಲೇ ಕೇಳಿದ ಮೊದಲ ಪ್ರಶ್ನೆ "ವಯಸ್ಸೆಷ್ಟು?" ಅಂತ. ಅಲ್ಲಿ ಹಾಗೇ. ವಯಸ್ಸು ಗೊತ್ತಾಗದ ಹೊರತು ಹೇಗೆ ಮಾತಾಡಿಸಬೇಕು ಅನ್ನುವುದು ತಿಳಿಯುವುದಿಲ್ಲ, ಒಂದು ವರ್ಷಕ್ಕೆ ದೊಡ್ಡವರಿದ್ದರೂ ಮಾತಿನ ಕೊನೆ ಬದಲಾಗುತ್ತದೆ. ಅಕ್ಕಗ ಇದು ಭಾಳ ಸೇರಿತು. "ನಮ್ಮಲ್ಲಿ ಜಾತಿ ಕೇಳತಾರ, ಇವರು ವಯಸ್ಸು ಕೇಳತಾರ. ಇದು ಛಲೋ. ವಯಸ್ಸು ಎಲ್ಲಾರಿಗೂ ಏರ್ತದ."

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟರೆ ನೆಲ ಬೆಚ್ಚಗಿದೆ! ನೆಲದ ಕೆಳಗಿಂದ ಕಾಯಿಸುತ್ತಾರೆ. ಅಕ್ಕ ಮೊದಲು ಅಂಗಾಲು, ಆಮೇಲೆ ಅಂಗೈ, ಕೊನೆಗೆ ಮೈಯೆಲ್ಲ ಚೆಲ್ಲಿ ಮಲಗಿಯೇಬಿಟ್ಟಳು. ದೊಡ್ಡವ್ವ ನಕ್ಕು ಅವಳಿಗೊಂದು ದಿಂಬು ಎಸೆದಳು. ಇಬ್ಬರಿಗೂ ಗೊತ್ತಿರುವ ಭಾಷೆ ಒಂದೂ ಇಲ್ಲ, ಆದರೂ ಅರ್ಧ ತಾಸಿನಲ್ಲಿ ಕಾಲು ಚಾಚಿ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದರು. ಅಕ್ಕನ ಕೈ ಓಡುವುದನ್ನು ನೋಡಿ ದೊಡ್ಡವ್ವ ತನ್ನ ಪಾಲಿನದನ್ನೂ ಅತ್ತ ತಳ್ಳಿದಳು.

ಊಟಕ್ಕೆ ಅಕ್ಕ ಖಡಕ್ ರೊಟ್ಟಿಯ ಗಂಟು ಬಿಚ್ಚಿದಳು. ದೊಡ್ಡವ್ವ ಒಂದು ರೊಟ್ಟಿ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಎದ್ದು ಹೋಗಿ ದೊಡ್ಡ ಕತ್ತರಿ ತಂದಳು. ಅಲ್ಲಿ ಮಾಂಸ, ಸೊಪ್ಪು, ಶಾವಿಗೆ ಎಲ್ಲಕ್ಕೂ ಕತ್ತರಿಯೇ. ಚಟಚಟ ಅಂತ ರೊಟ್ಟಿ ನಾಲ್ಕು ತುಂಡು, ಎಂಟು ತುಂಡು.

"ಅಯ್ಯಯ್ಯ, ರೊಟ್ಟಿಗೆ ಕತ್ತರಿ ಹಾಕಿದ್ಲಲ್ಲೇ ಶರಣಿ! ಅರಿವಿ ಮಾಡಿದ್ಲಲ್ಲ!"

"ಸುಮ್ಮನಿರಕ್ಕಾ, ಅವರ ಪದ್ಧತಿ."

"ಪದ್ಧತಿ ಇರಲಿ. ಲಂಗಕ್ಕ ಅಳತಿ ತಗೋತಾಳೇನಂತ ಕೇಳು."

ನಾನು ಕೇಳಿದೆ. ದೊಡ್ಡವ್ವ ಗಂಭೀರವಾಗಿ, ಹದಿನೈದನೇ ವಯಸ್ಸಿನಿಂದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿದಿದ್ದೇನೆ, ಲಂಗವನ್ನೂ ಹೊಲಿದು ಕೊಡುತ್ತೇನೆ ಅಂದಳು. ಅವಳು ಹೊಲಿದ ಮೇಲೆಯೇ ತಂಗಿ, ಅಂದರೆ ಮಿನ್‌ಜಿಯ ತಾಯಿ, ಓದಿ ಟೀಚರಾದದ್ದು. "ಇಲ್ಲೂ ಹಿಂಗೇನು?" ಅಂದಳು ಅಕ್ಕ. ಆಮೇಲೆ ನನ್ನ ಕಡೆ ಒಂದು ಸಲ ನೋಡಿದಳು. ನಾನು ಮೂಲಂಗಿ ಉಪ್ಪಿನಕಾಯಿಯ ಬಟ್ಟಲನ್ನು ಭಾಳ ಲಕ್ಷ್ಯ ಕೊಟ್ಟು ನೋಡಿದೆ.

ಆ ತಂಗಿ ಈಗ ರಾಜಧಾನಿ ಸಿಯೋಲ್‌ನಲ್ಲಿದ್ದಾಳೆ, ಅಕ್ಕತಂಗಿಯರ ನಡುವೆ ಮಾತಿಲ್ಲ ಎಂದು ಮಿನ್‌ಜಿ ಅಡುಗೆಮನೆಯಲ್ಲಿ ನನಗೆ ಮೆಲ್ಲಗೆ ಹೇಳಿದಳು. ತಾಯಿಗೆ ಟಿಕೀಟು ಕಳಿಸಿದ್ದಾಳೆ. ಬರುತ್ತಾಳೋ ಇಲ್ಲವೋ.

ಊರಿನ ಸ್ನಾನದ ಮನೆ

ಮರುದಿನ ಬೆಳಿಗ್ಗೆ ದೊಡ್ಡವ್ವ ಬಕೀಟು ಹಿಡಿದು ನಮ್ಮನ್ನು ಓಣಿಯ ಸ್ನಾನದ ಮನೆಗೆ ಕರೆದೊಯ್ದಳು. ಅಲ್ಲಿ ಹೆಂಗಸರೆಲ್ಲಾ ಒಂದೇ ಕಡೆ ಕೂತು, ಬಿಸಿನೀರಿನ ದೊಡ್ಡ ತೊಟ್ಟಿಯಲ್ಲಿ ಮುಳುಗಿ, ಒಬ್ಬರ ಬೆನ್ನನ್ನು ಒಬ್ಬರು ತಿಕ್ಕುತ್ತಾರೆ. ಮೈಮೇಲೆ ನೂಲಿನ ಎಳೆಯೂ ಇರುವಂತಿಲ್ಲ. ಇದನ್ನು ನಾನು ಅಕ್ಕಗ ಮೊದಲೇ ಹೇಳಿದ್ದಿಲ್ಲ. ಹೇಳಿದ್ದರೆ ಬರುತ್ತಿದ್ದಳೇ?

ಅಕ್ಕ ಲಂಗವನ್ನು ಎದೆಗೆ ಕಟ್ಟಿಕೊಂಡು, ಊರ ಹೊಳೆಗೆ ಇಳಿದಂತೆ ತೊಟ್ಟಿಗೆ ಇಳಿದಳು. ಸೀಟಿ ಊದಿದ ಹಾಗೆ ಒಬ್ಬ ಹೆಂಗಸು ಕೂಗಿಕೊಂಡು ಓಡಿ ಬಂದಳು. ಬಟ್ಟೆ ತೊಟ್ಟು ನೀರಿಗಿಳಿಯುವುದು ಅವರ ಪ್ರಕಾರ ಹೊಲಸು. ನಮ್ಮ ಪ್ರಕಾರ ಬಿಚ್ಚುವುದು ಹೊಲಸು. ಎರಡು ದೇಶಗಳ ನಡುವೆ ನಾನು ಟಾವೆಲ್ ಹಿಡಿದು ನಿಂತಿದ್ದೆ.

"ಏನಂತಾಳ ಆಕಿ?"

"ಲಂಗ ಬಿಚ್ಚು ಅಂತಾಳಕ್ಕಾ."

"ಆಕಿಗೆ ಹೇಳು, ನನ್ನ ಗಂಡಗೂ ಇಷ್ಟು ಧೈರ್ಯ ಇಲ್ಲಂತ."

ಇದನ್ನು ನಾನು ತೊಳೆಯದೆ, ಹಾಗೇ ಕೊರಿಯನ್ನಿಗೆ ಮಾಡಿದೆ. ಇಡೀ ಸ್ನಾನದ ಮನೆ ನಕ್ಕಿತು, ಗೋಡೆಗೆ ಬಡಿದು ಎರಡು ಸಲ ನಕ್ಕಿತು. ಆ ನಗುವಿನ ಗದ್ದಲದಲ್ಲೇ ಅಕ್ಕ ಕಣ್ಣು ಮುಚ್ಚಿ ಗಂಟು ಬಿಚ್ಚಿ ಗಡಕ್ಕನೆ ಕುತ್ತಿಗೆ ತನಕ ಮುಳುಗಿದಳು. ಆಮೇಲೆ? ಎಬ್ಬಿಸಲಿಕ್ಕೇ ಆಗಲಿಲ್ಲ. ದೊಡ್ಡವ್ವನ ಬೆನ್ನು ತಿಕ್ಕಿದಳು, ಬೈದ ಹೆಂಗಸಿನ ಬೆನ್ನನ್ನೂ ತಿಕ್ಕಿದಳು, ನನ್ನದನ್ನಂತೂ ಸುಟ್ಟಂತೆ ಕೆಂಪು ಮಾಡಿದಳು.

ನನ್ನ ಸರದಿ ಬಂತು. ಅಕ್ಕನ ಹಿಂದೆ ಕೂತೆ. ಒದ್ದೆ ಕೂದಲು ಎರಡು ಭಾಗವಾಗಿತ್ತು. ನೆತ್ತಿಯ ಮೇಲೆ, ಸಿಂಬೆ ಇಡುವ ಜಾಗದಲ್ಲಿ, ಅಂಗೈಯಗಲ ಕೂದಲೇ ಇಲ್ಲ. ಬುಟ್ಟಿ ಹೊತ್ತು ಹೊತ್ತು ಸವೆದದ್ದು. ಯಾವಾಗಲೂ ಸೆರಗು ಇರುತ್ತದಲ್ಲ, ಇಷ್ಟು ವರ್ಷ ನಾನು ನೋಡಿಯೇ ಇದ್ದಿಲ್ಲ.

"ಅಕ್ಕಾ, ಅವತ್ತು ಕಾಲೇಜಿನಾಗ..." ಅಂದೆ.

"ಸುಮ್ಮ ತಿಕ್ಕು. ಕಣ್ಣಾಗ ಸಬಕಾರ ಹೋಗ್ತದ."

ತಿಕ್ಕಿದೆ.

ಥೇಟರು

ಥೇಟರು ಅಂದರೆ ನಮ್ಮ ಮಲ್ಟಿಪ್ಲೆಕ್ಸು ಅಲ್ಲ. ಹಳೇ ಗೋದಾಮಿನಲ್ಲಿ ಎಂಬತ್ತು ಕುರ್ಚಿ, ಮುಂದೊಂದು ಪರದೆ. ಭಾನುವಾರ ಸಂಜೆ ಹೆಚ್ಚುಕಮ್ಮಿ ಅಷ್ಟೂ ತುಂಬಿತ್ತು. ಸಿನಿಮಾ ಮಾಡಿದವಳು ನಾನೇ ಏನೋ ಅನ್ನುವ ಹಾಗೆ ಬಂದವರನ್ನು ಎಣಿಸುತ್ತಿದ್ದೆ. ನಾನು, ಅಕ್ಕ, ದೊಡ್ಡವ್ವ, ಅವಳ ಪಕ್ಕದಲ್ಲಿ ಮಿನ್‌ಜಿಯ ತಾಯಿಗೆ ಇಟ್ಟ ಕುರ್ಚಿ. ದೀಪ ಆರುವ ತನಕ ದೊಡ್ಡವ್ವ ಬಾಗಿಲ ಕಡೆಯೇ ನೋಡುತ್ತಿದ್ದಳು. ಕುರ್ಚಿ ಖಾಲಿಯೇ ಉಳಿಯಿತು.

ಸಿನಿಮಾ ಶುರುವಾಯಿತು. ನಾನು ಅಕ್ಕನ ಕಿವಿಯಲ್ಲಿ ಒಂದೊಂದೇ ಮಾತು ಕನ್ನಡ ಮಾಡುತ್ತಾ ಹೋದೆ. ವಯಸ್ಸಾದ ಇಬ್ಬರು ಅಕ್ಕತಂಗಿಯರು ಸತ್ತ ತಾಯಿಗೆ ಎಡೆ ಇಡಲು ಕೂಡಿದ್ದಾರೆ. ಎಡೆಯ ಮೇಲಿನ ಮೀನಿನ ತಲೆ ಮೂಡಣಕ್ಕಿರಬೇಕೋ ಪಡುವಣಕ್ಕೋ ಅಂತ ಜಗಳ ಹತ್ತುತ್ತದೆ. ಒಬ್ಬಳು ತಿರುಗಿಸುತ್ತಾಳೆ, ಇನ್ನೊಬ್ಬಳು ಮತ್ತೆ ತಿರುಗಿಸುತ್ತಾಳೆ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. "ನಮ್ಮ ಅತ್ತಿ ಮನ್ಯಾಗ ಹಿಂಗ ವಡಿ ಸಲುವಾಗಿ ಆಗಿತ್ತು!"

ಆಮೇಲೆ ಕಥೆ ಹಿಂದಕ್ಕೆ ಹೋಯಿತು. ಸಾಲು ಸಾಲು ಹೊಲಿಗೆ ಮಶೀನು, ಅದರ ಮುಂದೆ ಎಳೇ ಹುಡುಗಿಯಾಗಿ ಸಿನಿಮಾದ ಅಕ್ಕ. ಪುಸ್ತಕ ಹಿಡಿದ ತಂಗಿ. ತಂಗಿ ಟೀಚರು, ತಂಗಿಯ ಮದುವೆ. ಆ ಅಕ್ಕ ಕಾರ್ಖಾನೆಯಿಂದ ನೆಟ್ಟಗೆ ಬಂದು ಛತ್ರದ ಬಾಗಿಲಲ್ಲಿ ನಿಂತಿದ್ದಾಳೆ, ಅಂಗಿಗೆ ದಾರದ ಎಳೆಗಳು ಅಂಟಿವೆ. ಗಂಡಿನ ಕಡೆಯ ಹೆಂಗಸು ಮದುವಣಗಿತ್ತಿಯನ್ನು ಕೇಳುತ್ತಾಳೆ, "ಅವರು ಯಾರು?"

ಉತ್ತರ ಬರುವ ಮೊದಲೇ ನನಗೆ ಗೊತ್ತಾಯಿತು. ತಂಗಿ ನಗುತ್ತಾ ಅಂದಳು, "ನಮ್ಮ ಓಣಿಯವರು."

ಅಕ್ಕನ ಕಿವಿ ನನ್ನ ಬಾಯಿಗೆ ಹತ್ತಿಕೊಂಡಿತ್ತು. ಎಂಟು ವರ್ಷದ ದುಭಾಷಿ ಕೆಲಸದಲ್ಲಿ ಬೈಗುಳ ತೊಳೆದಿದ್ದೇನೆ, ಆದರೆ ಉಲ್ಟಾ ಹೇಳಿದವಳಲ್ಲ. ಅವತ್ತು ಹೇಳಿದೆ. "ಇಕಿ ನಮ್ಮಕ್ಕ ಅಂತ ಹೇಳಿದ್ಲು."

ಪರದೆಯ ಮೇಲೆ ಆ ಅಕ್ಕ ಸದ್ದಿಲ್ಲದೆ ಅಡುಗೆಮನೆಗೆ ಹೋಗಿ ತೋಳು ಏರಿಸಿ ಪಾತ್ರೆ ತೊಳೆಯತೊಡಗಿದಳು.

"ಶರಣಿ."

"ಹೂಂ."

"ಅಕ್ಕ ಅಂದಿದ್ರ ಆಕಿ ಯಾಕ ಭಾಂಡಿ ತಿಕ್ತಾಳ? ಖರೆ ಹೇಳು."

"ಓಣಿಯಾಕಿ ಅಂದ್ಲು" ಅಂದೆ.

ಅಕ್ಕ ಕಿವಿಯನ್ನು ಹಿಂದಕ್ಕೆ ತೆಗೆದುಕೊಂಡಳು. ಉಳಿದ ಸಿನಿಮಾ ನನ್ನ ಅನುವಾದವಿಲ್ಲದೆಯೇ ನೋಡಿದಳು.

ದೀಪ ಹತ್ತಿತು, ಚಪ್ಪಾಳೆ ಬಿತ್ತು. ಮಿನ್‌ಜಿ ಮುಂದೆ ಬಂದು ಮೈಕು ಹಿಡಿದು, ಯಾರಾದರೂ ಏನಾದರೂ ಹೇಳುತ್ತೀರಾ ಅಂದಳು. ಯಾರೂ ಏಳಲಿಲ್ಲ. ಎಲ್ಲರಿಗೂ ಗೊತ್ತಿತ್ತು ಯಾರ ಕಥೆ ಅದು ಅಂತ. ದೊಡ್ಡವ್ವ ಖಾಲಿ ಕುರ್ಚಿಯ ಮೇಲೆ ಕೈಯಿಟ್ಟುಕೊಂಡು ತಲೆ ತಗ್ಗಿಸಿದ್ದಳು, ಭುಜ ಅಲುಗುತ್ತಿತ್ತು.

ನಮ್ಮಕ್ಕ ಎದ್ದು ನಿಂತಳು. ಇಳಕಲ್ ಸೀರೆ, ಅದರ ಮೇಲೆ ನನ್ನ ಸ್ವೆಟರು. ಮೈಕು ಇತ್ತ ಕೊಡಿರಿ ಅಂತ ಕೈ ಚಾಚಿದಳು.

"ನಾ ಹೇಳ್ತೀನಿ, ನೀ ಹೇಳು. ಆ ದೊಡ್ಡವ್ವ ಒಬ್ಬಾಕೇ ಅಳಲಿಕತ್ತಾಳ."

ದುಭಾಷಿಯ ಕೆಲಸಕ್ಕೆ ಒಂದು ಕಟ್ಟಳೆ ಇದೆ. ಮಾತಾಡುವವರು 'ನಾನು' ಅಂದರೆ ನಾವೂ 'ನಾನು' ಅನ್ನಬೇಕು. ನಮ್ಮದು ಬರೀ ಬಾಯಿ, ನಾವು ಅಲ್ಲಿ ಇಲ್ಲ.

"ನನಗೂ ಒಬ್ಬಾಕಿ ತಂಗಿ ಇದ್ದಾಳ" ಅಂದಳು ಅಕ್ಕ. ನನಗೂ ಒಬ್ಬ ತಂಗಿ ಇದ್ದಾಳೆ ಅಂದೆ ಕೊರಿಯನ್ನಿನಲ್ಲಿ.

"ಆಕಿ ಡಿಗ್ರಿ ತಗೊಂಡ ದಿವಸ ಹೋಳಿಗಿ ಮಾಡಿ ಡಬ್ಬಿ ತಗೊಂಡು ಹೋಗಿದ್ದೆ." ಅದನ್ನೂ ಕೊರಿಯನ್ನಿನಲ್ಲಿ ಅಂದೆ. ಡಬ್ಬಿಯ ಸಂಗತಿ ನನಗೆ ಆಗಲೇ ಗೊತ್ತಾದದ್ದು.

"ಇವರ್ಯಾರಂತ ಗೆಳತಿ ಕೇಳಿದ್ಲು. ಊರ ಕಡ್ಯಾಕಿ ಅಂದ್ಲು ನನ್ನ ತಂಗಿ. ಮರಾಠಿಯೊಳಗ ಅಂದ್ಲು. ಯಾರ್ಡಿನಾಗ ದಿನಾ ಮರಾಠಿಯೊಳಗ ಜಗಳಾ ಆಡಾಕಿ ನಾ, ತಿಳಿಯಂಗಿಲ್ಲೇನು ನನಗ?"

ಎಂಬತ್ತು ಮುಖ ಕಾಯುತ್ತಿದ್ದವು. 'ನನ್ನ ತಂಗಿ ಅಂದಳು' ಅಂತ ಹೇಳಿ ಮುಂದೆ ಹೋಗಬಹುದಿತ್ತು, ಕಟ್ಟಳೆಯ ಪ್ರಕಾರ ಅದೇ ಸರಿ. ನನ್ನಿಂದ ಆಗಲಿಲ್ಲ. "ಇವರು ನನ್ನ ಸ್ವಂತ ಅಕ್ಕ, ಹೆಸರು ನಾಗಮ್ಮ" ಅಂದೆ. "ಹಾಗೆ ಅಂದ ತಂಗಿ ನಾನು. ಇವರು ಊರ ಕಡೆಯವರು ಅಂತ ನಾನೇ ಅಂದೆ. ತಪ್ಪು ಮಾಡಿದೆ."

ಅಕ್ಕ ನನ್ನ ಮುಖ ನೋಡಿದಳು.

"ಏನ್ ಸೇರಿಸಿದಿ? ನಾ ಇಷ್ಟು ಹೇಳೇ ಇಲ್ಲ."

ಸೇರಿಸಿದ್ದನ್ನೇ ಕನ್ನಡದಲ್ಲಿ ಹೇಳಿದೆ. ಮೈಕು ಚಾಲೂ ಇತ್ತು, ನಮ್ಮ ಯಾದಗಿರಿ ಮಾತು ಆ ಗೋದಾಮಿನ ತುಂಬ ಕೇಳಿಸಿತು. ಅಕ್ಕ ದೊಡ್ಡವ್ವನ ಕಡೆ ತಿರುಗಿ ಹೇಳಿ ಮುಗಿಸಿದಳು, "ಡಬ್ಬಿ ವಾಪಸ್ ತಗೊಂಡು ಬಸ್ ಹತ್ತಿದೆ. ಸ್ವಾರಗೇಟ್ ಬರೋದ್ರಾಗ ಅಷ್ಟೂ ಹೋಳಿಗಿ ನಾನ ತಿಂದೆ. ಭಾಳ ಅಳು ಬಂದಿತ್ತವ್ವಾ. ಆದ್ರ ಹೋಳಿಗಿ ಛಲೋ ಆಗಿದ್ವು."

ಇದನ್ನು ನಾನು ಕೊರಿಯನ್ನಿನಲ್ಲಿ ಹೇಳಿದಾಗ ಮೊದಲು ನಕ್ಕವಳು ದೊಡ್ಡವ್ವ. ಕಣ್ಣು ಮೂಗು ಎಲ್ಲಾ ಸುರಿಯುತ್ತಿತ್ತು. ಅಕ್ಕನ ಕೈ ಹಿಡಿದು ಜಗ್ಗಿ, ಆ ಖಾಲಿ ಕುರ್ಚಿಯಲ್ಲಿ ಕೂಡಿಸಿಕೊಂಡಳು. "ಹೋಳಿಗೆ ಅಂದರೆ ಏನು?" ಅಂತ ಕೇಳಿದಳು.

ಥೇಟರಿನ ಹೊರಗೆ

ನಾನು ಹಗುರಾಗಿದ್ದೆ. ಮುಗಿಯಿತು, ಹೇಳಿಬಿಟ್ಟೆ ಅನ್ನಿಸಿತ್ತು. ಹೊರಗೆ ಸಮುದ್ರದ ಗಾಳಿ, ಮಿನ್‌ಜಿಯನ್ನು ಜನ ಸುತ್ತಿಕೊಂಡಿದ್ದರು. ಅಕ್ಕನ ಹತ್ತಿರ ಹೋಗಿ "ಸಿಟ್ಟು ಹೋಯ್ತಾ ಅಕ್ಕಾ?" ಅಂದೆ.

"ಯಾಕ ಹೋಗಬೇಕು?" ಅಂದಳು. "ಇವರಿಗೆ ಹೇಳಿ ಏನ್ ಬಂತು? ಇವರು ಅವತ್ತು ಅಲ್ಲಿದ್ರೇನು? ಕೇಳಿದಾಕಿ ಯಾರಿದ್ಲು, ಆಕಿಗಿ ಹೇಳು."

"ಪುಣೆಗೆ ಹೋದ ಮ್ಯಾಲ..."

"ಒಂಬತ್ತು ವರ್ಷ ಪುಣೆದಾಗೇ ಇದ್ದಿ."

ಫೋನು ತೆಗೆದೆ. ಅಶ್ವಿನಿ ಈಗ ಇಂದಾಪುರದ ಶಾಲೆಯೊಂದರಲ್ಲಿ ಟೀಚರು. ನಮ್ಮಲ್ಲಿ ಮಧ್ಯಾಹ್ನ, ಊಟಕ್ಕೆ ಕೂತಿದ್ದಳು, ವಿಡಿಯೋದಲ್ಲಿ ಕೈಯೆಲ್ಲಾ ಸಾರು. ನಾನು ಅಕ್ಕನನ್ನು ಪಕ್ಕಕ್ಕೆ ಎಳೆದುಕೊಂಡು, ಎಲ್ಲಿದ್ದೇನೆ ಏನು ಎತ್ತ ಯಾವುದನ್ನೂ ಹೇಳದೆ, ಮರಾಠಿಯಲ್ಲಿ ಒಂದೇ ಉಸಿರಿಗೆ ಅಂದೆ, ಡಿಗ್ರಿಯ ದಿವಸ ಇವರು ಯಾರು ಅಂತ ನೀನು ಕೇಳಿದ್ದೆಯಲ್ಲ, ಇವಳು ನನ್ನ ಸಖ್ಖಿ ಬಹೀಣ್, ಒಡಹುಟ್ಟಿದ ಅಕ್ಕ, ನನ್ನನ್ನು ಓದಿಸಿದವಳು, ನಾನು ಸುಳ್ಳು ಹೇಳಿದ್ದೆ.

ಅಶ್ವಿನಿ ತುತ್ತು ನುಂಗಿದಳು. "ಅಗ, ತೇ ಮಲಾ ತೇವ್ಹಾಚ ಕಳಲಂ" ಅಂದಳು. ಅವತ್ತೇ ಗೊತ್ತಾಗಿತ್ತಂತೆ! ಇಬ್ಬರ ಮೂಗೂ ಒಂದೇ ಅಚ್ಚು, ಕುರುಡರಿಗೂ ತಿಳಿಯುತ್ತಿತ್ತು ಅಂದಳು. ನೀನೇ ಹೇಳುವ ತನಕ ಕೇಳಬಾರದು ಅಂತ ಬಿಟ್ಟಿದ್ದೆ, ಹೇಳಲಿಲ್ಲ ಅಂತ ಸಿಟ್ಟೂ ಇತ್ತು ಅಂದಳು.

ಅಕ್ಕ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ನಮಸ್ಕಾರ! ಮೀ ನಾಗಮ್ಮಾ, ತಿಚೀ ಮೋಠೀ ಬಹೀಣ್!" ಯಾರ್ಡಿನಲ್ಲಿ ಲಾರಿಯ ಸದ್ದಿನ ಮೇಲೆ ಕೂಗುತ್ತಾರಲ್ಲ, ಆ ದನಿ. ನಾನು ನಾಗಮ್ಮ, ಇವಳ ದೊಡ್ಡಕ್ಕ. ಥೇಟರಿನ ಮುಂದಿದ್ದ ಜನವೆಲ್ಲಾ ತಿರುಗಿ ನೋಡಿತು. ಅಕ್ಕ ಯಾರಿಗೂ ಸೊಪ್ಪು ಹಾಕಲಿಲ್ಲ. ಊಟಕ್ಕೆ ಏನು ಮಾಡಿದ್ದೀ, ಮಕ್ಕಳೆಷ್ಟು, ಇಂದಾಪುರದಲ್ಲಿ ಯಾವ ಓಣಿ, ಶರಣಿ ಕಾಲೇಜಿನಲ್ಲಿ ಖರೇನೇ ಓದುತ್ತಿದ್ದಳೋ ಬರೀ ತಿರುಗುತ್ತಿದ್ದಳೋ. ಅಶ್ವಿನಿಯ ನಗು ನನ್ನ ತನಕ ಕೇಳಿಸುತ್ತಿತ್ತು.

ಒಂದು ಸಲ ಫೋನನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ನೋಡಿ, "ಇದನ್ನ ಹಿಡಿ" ಅಂತ ತನ್ನ ಕೈಚೀಲ ಕೊಟ್ಟಳು. ಮತ್ತೆ ಮಾತಿಗೆ ಹೋದಳು. ನಾನು ಚೀಲ ಹಿಡಿದುಕೊಂಡು ನಮ್ಮಕ್ಕನ ಪಕ್ಕದಲ್ಲಿ ನಿಂತೆ.